ಸೊಂಟದ ಕುಡಿಕೆ

"ಗುರುಗಳೇ, ನನ್ನ ಜೊತೆ ಬಂದವರನ್ನು ನನ್ನ ಬೆನ್ನ ಹಿಂದೆ ಕರೆಯುತ್ತಿರುವವರು ಯಾರೆಂದು ತಿಳಿಯುವುದು ಹೇಗೆ?"

ಹೀಗೆ ಕೇಳಿದವನು ಅಡವಯ್ಯನೆಂಬ ಶಿಷ್ಯ. ಗುರುಗಳು ಅವನಿಗೆ ಗುಡ್ಡದ ಆಚೆ ಒಂದು ಹೊಸ ಮಠವನ್ನು ವಹಿಸಿ, ಹನ್ನೊಂದು ಮಂದಿ ಸಾಧಕರನ್ನು ಜೊತೆಗೆ ಕಳುಹಿಸಿ ಮೂರು ತಿಂಗಳಾಗಿತ್ತು. ಆ ಹನ್ನೊಂದು ಮಂದಿಯಲ್ಲಿ ಒಬ್ಬಿಬ್ಬರು ಸಂಜೆಯ ಪ್ರಸಾದದ ಹೊತ್ತಿಗೆ ಗುರುಗಳಿರುವ ಹಳೆಯ ಮಠದ ಪಂಕ್ತಿಯಲ್ಲಿ ಕಾಣಿಸಿಕೊಳ್ಳತೊಡಗಿದ್ದರು. ಅದನ್ನು ಕಣ್ಣಾರೆ ನೋಡಬೇಕೆಂದು ಅಡವಯ್ಯ ಎಷ್ಟೋ ಸಂಜೆ ಗುಡ್ಡ ಹತ್ತಿ ಇಳಿದು ಬಂದಿದ್ದ. ಬಂದಾಗಲೆಲ್ಲ ಕಂಡಿದ್ದ. ಅವನಿಗೆ ಹಳೆಯ ಮಠದ ಅಡುಗೆಯವನ ಮೇಲೆ ಗುಮಾನಿ. ಈಚೆಗೆ ಇಲ್ಲಿಯ ಹುಗ್ಗಿಗೆ ಬೆಲ್ಲ ಹೆಚ್ಚು ಬೀಳುತ್ತಿದೆ ಎಂದು ಗುರುಗಳ ಕಿವಿಗೆ ಹಾಕಿದ. ತಾನು ಅಲ್ಲಿ ಯಾವುದನ್ನೂ ಸಡಿಲ ಬಿಟ್ಟಿಲ್ಲ, ಪ್ರಸಾದಕ್ಕೆ ಕರೆಯುವ ಕೈಗಂಟೆಯನ್ನು ಸಹ ಇನ್ನೊಬ್ಬರ ಕೈಗೆ ಕೊಟ್ಟವನಲ್ಲ ಎಂದೂ ಹೇಳಿದ. ಹೇಳಿ ಬಾಗಿ ನಮಸ್ಕರಿಸುವಾಗ ಅವನ ಹೆಗಲ ಜೋಳಿಗೆಯಲ್ಲಿ ಏನೋ ಸಣ್ಣಗೆ ಸದ್ದಾಯಿತು.

ಗುರುಗಳು ಅವನನ್ನು ಎದುರಿಗೆ ಕುಳ್ಳಿರಿಸಿಕೊಂಡು ಈ ಕತೆಯನ್ನು ಹೇಳಿದರು.

ಒಂದು ಕೆರೆಯ ಮೂಡಣ ದಂಡೆಯಲ್ಲಿ ಒಬ್ಬ ಕುಂಬಾರನಿದ್ದ. ಅವನ ಬಳಿ ಹದಿನಾಲ್ಕು ಪಾರಿವಾಳಗಳಿದ್ದವು. ಅವು ಲಾಗ ಹಾಕುವ ಜಾತಿಯವು. ಮುಗಿಲೆತ್ತರ ಏರಿ, ಅಲ್ಲಿ ರೆಕ್ಕೆ ಮಡಚಿ, ಉಂಡೆಯಂತೆ ಉರುಳುತ್ತ ಬಿದ್ದು, ಇನ್ನೇನು ಸೂರಿಗೆ ಬಡಿಯಿತು ಎನ್ನುವಾಗ ಮತ್ತೆ ರೆಕ್ಕೆ ಬಿಚ್ಚುತ್ತಿದ್ದವು. ಆ ತಳಿ ಅವನ ಅಜ್ಜ ಸಾಕಿದ್ದು. ಸುತ್ತಿನ ಹಳ್ಳಿಗಳಲ್ಲಿ ಬೇರೆ ಯಾರ ಬಳಿಯೂ ಇರಲಿಲ್ಲ. ಆ ಹದಿನಾಲ್ಕು ಹೋದರೆ ಅಜ್ಜನ ಹೆಸರೇ ಅಳಿದಂತೆ ಎಂದು ಕುಂಬಾರ ತಿಳಿದಿದ್ದ. ಅವುಗಳಲ್ಲಿ ಒಂದು ನೀಲಿ ಹೆಣ್ಣು. ಒಂಬತ್ತು ಲಾಗ ಹಾಕುತ್ತಿದ್ದುದು ಅದೊಂದೇ. ಅದು ಇಳಿದ ಕಡೆ ಉಳಿದವು ಇಳಿಯುತ್ತಿದ್ದವು.

ಹಕ್ಕಿಗಳನ್ನು ಇಳಿಸಲು ಅವನಲ್ಲಿ ಇದ್ದದ್ದು ಒಂದೇ ಉಪಾಯ. ತಾನೇ ತಿರುಗಿಸಿ ಸುಟ್ಟ ಒಂದು ಸಣ್ಣ ಕುಡಿಕೆ. ಅದರೊಳಗೆ ನಾಲ್ಕು ಹಿಡಿ ಜೋಳ. ಬಾಯಿಗೆ ಕಟ್ಟಿದ ಬಟ್ಟೆ. ದಿನಕ್ಕೆ ಒಂದೇ ಹೊತ್ತು, ಸಂಜೆ, ಅವುಗಳಿಗೆ ಕಾಳು. ಕುಡಿಕೆ ಗಲಗಲ ಎಂದರೆ ಕಾಳಿನ ಹೊತ್ತಾಯಿತೆಂದು ಅವು ಬಲ್ಲವು. ಕುಡಿಕೆ ಯಾರ ಕೈಯಲ್ಲೋ ಹಕ್ಕಿ ಅವರ ಸೂರಲ್ಲಿ ಎಂದು ಅವನ ಅಜ್ಜ ಹೇಳುತ್ತಿದ್ದನಂತೆ.

ಕೆಲವು ವರ್ಷಗಳಲ್ಲಿ ಮೂಡಣ ದಂಡೆಯ ಜೇಡಿ ಮುಗಿಯಿತು. ಅಗೆದಷ್ಟೂ ಮರಳು. ಮಡಕೆಗಳು ಸುಡುವಾಗಲೇ ಬಿರಿಯತೊಡಗಿದವು. ಕುಂಬಾರ ಮನೆಯನ್ನು ಒಬ್ಬ ಗಾಣಿಗನಿಗೆ ಬಿಟ್ಟುಕೊಟ್ಟು, ಮಣ್ಣು ಚೆನ್ನಾಗಿದ್ದ ಪಡುವಣ ದಂಡೆಯಲ್ಲಿ ಹೊಸ ಮನೆ ಕಟ್ಟಿದ. ಗಾಣಿಗನೂ ಕುಂಬಾರನ ಹೆಂಡತಿಯೂ ಒಂದೇ ಊರಿನವರು. ಆಕೆ ಅವನನ್ನು ಅಣ್ಣ ಎನ್ನುತ್ತಿದ್ದಳು, ಅವನು ಕುಂಬಾರನನ್ನು ಭಾವ ಎನ್ನುತ್ತಿದ್ದ. ಮನೆ ಗೊತ್ತಿದ್ದವರ ಪಾಲಾಯಿತೆಂದು ಆಗ ಕುಂಬಾರನಿಗೆ ಸಮಾಧಾನವೇ ಆಗಿತ್ತು.

ಮನೆ ಬದಲಿಸುವುದು ಮನುಷ್ಯನಿಗೆ ಒಂದು ದಿನದ ಕೆಲಸ. ಪಾರಿವಾಳಕ್ಕೆ ಹಾಗಲ್ಲ. ಕುಂಬಾರ ಅದನ್ನು ಬಲ್ಲವನು; ತಾಳ್ಮೆಯಿಂದ ಮಾಡಿದ. ರೆಕ್ಕೆಯ ಉದ್ದ ಗರಿಗಳನ್ನು ದಾರದಿಂದ ಕಟ್ಟಿದ. ಹೊಸ ಸೂರಿನ ಮೇಲೆ ಬಿದಿರಿನ ಜಾಲರಿಯ ಗೂಡು ಮಾಡಿ ನಲವತ್ತು ದಿನ ಅದರೊಳಗೆ ಇಟ್ಟ. ಜಾಲರಿಯೊಳಗಿಂದ ಕಂಡ ಹೊಸ ಆಕಾಶಕ್ಕೆ ಹಕ್ಕಿ ಹೊಂದಿಕೊಳ್ಳಬೇಕು. ಆ ಆಕಾಶದ ಕೆಳಗೆ ಕುಡಿಕೆಯ ಸದ್ದೂ ಕಾಳೂ ಒಟ್ಟಿಗೆ ಸಿಗಬೇಕು. ನಲವತ್ತೊಂದನೆಯ ಸಂಜೆ ದಾರ ಬಿಚ್ಚಿ, ಹಸಿದ ಹೊಟ್ಟೆಯಲ್ಲಿ ಅವುಗಳನ್ನು ಹಾರಿಬಿಟ್ಟ. ಅವು ಏರಿದವು. ಲಾಗ ಹಾಕಿದವು. ಕುಡಿಕೆ ಅಲ್ಲಾಡಿಸಿದ. ಹದಿನಾಲ್ಕೂ ಹೊಸ ಸೂರಿಗೆ ಇಳಿದವು.

ಹೆಂಡತಿ ಸಂತೋಷಪಟ್ಟಳು. ಕುಂಬಾರ ಸಂತೋಷಪಡಲಿಲ್ಲ. ಇಷ್ಟು ಸುಲಭವಾಗಿ ಬಂದದ್ದೇಕೆ ಎಂದು ಅವನ ಮನಸ್ಸು ಕೇಳಿತು.

ಮರುದಿನ ನೀಲಿ ಹೆಣ್ಣು ಇಳಿಯುವ ಮೊದಲು ಕೆರೆ ದಾಟಿ, ಹಳೆಯ ಮನೆಯ ಮೇಲೆ ಒಂದು ಸುತ್ತು ಹಾಕಿ ಬಂತು. ಒಂದೇ ಸುತ್ತು. ಕುಂಬಾರನಿಗೆ ಅಷ್ಟು ಸಾಕಾಯಿತು. ಗಾಣದ ಮನೆಯ ಅಂಗಳದಲ್ಲಿ ಎಳ್ಳು ಚೆಲ್ಲಿರುತ್ತದೆ. ಎಳ್ಳು ತಾನಾಗಿ ಚೆಲ್ಲುವುದು ಎಷ್ಟು, ಕೈಯಿಂದ ಚೆಲ್ಲುವುದು ಎಷ್ಟು, ಯಾರು ಅಳೆದವರು? ಗಾಣಿಗ ಮನೆ ನೋಡಲು ಬಂದ ದಿನ ಗೋಡೆಗಿಂತ ಹೆಚ್ಚು ಹೊತ್ತು ಹಕ್ಕಿಗಳನ್ನೇ ನೋಡಿದ್ದ ಎಂಬುದು ಈಗ ನೆನಪಿಗೆ ಬಂತು.

ಮೂರನೆಯ ಸಂಜೆ ಅವನು ಹಕ್ಕಿಗಳನ್ನು ಹಾರಿಬಿಟ್ಟು, ಕುಡಿಕೆಯನ್ನು ಸೊಂಟಕ್ಕೆ ಕಟ್ಟಿಕೊಂಡು, ಕೆರೆಯ ಏರಿಯ ಮೇಲೆ ಹಳೆಯ ಮನೆಯ ಕಡೆಗೆ ಹೊರಟ. ಹೆಂಡತಿ ಬಾಗಿಲಿಗೆ ಬಂದಳು.

"ಕುಡಿಕೆ ಇಲ್ಲೇ ಇಟ್ಟು ಹೋಗಿ. ಹೊತ್ತಾದರೆ ನಾನೇ ಅಲ್ಲಾಡಿಸುತ್ತೇನೆ."

"ನಿನ್ನ ಅಣ್ಣನೂ ಹಾಗೇ ಕೇಳುತ್ತಾನೆ, ನೋಡುತ್ತಿರು. ಇವತ್ತು ಕುಡಿಕೆ, ನಾಳೆ ಹಕ್ಕಿ."

"ಹಾಗಿದ್ದರೆ ನನ್ನನ್ನೂ ಸೊಂಟಕ್ಕೆ ಕಟ್ಟಿಕೊಂಡು ಹೋಗಿ" ಎಂದು ಆಕೆ ಒಳಗೆ ಹೋದಳು.

ಆ ಮಾತನ್ನೂ ಕುಂಬಾರ ದಾರಿಯುದ್ದಕ್ಕೂ ತೂಗಿ ನೋಡಿದ. ನಡೆಯುವಾಗ ಸೊಂಟದ ಕುಡಿಕೆ ಅಲ್ಲಾಡುತ್ತಿತ್ತು. ಆ ಸದ್ದು ಅವನಿಗೆ ತನ್ನ ಉಸಿರಿನಷ್ಟು ರೂಢಿ. ಹಳೆಯ ಮನೆಯ ಹಿತ್ತಿಲ ಗೋಡೆಯ ಹಿಂದೆ ಅಡಗಿ ಕುಳಿತ. ಸ್ವಲ್ಪ ಹೊತ್ತಿಗೆ ಮೇಲಿನಿಂದ ನಾಲ್ಕು ಹಕ್ಕಿಗಳು ಉರುಳಿ ಬಂದು ಆ ಮನೆಯ ಸೂರಿನ ಮೇಲೆ ಕುಳಿತವು. ಮುಂದೆ ನೀಲಿ ಹೆಣ್ಣು.

ಅವನು ಹಲ್ಲು ಕಚ್ಚಿಕೊಂಡು ಮನೆಗೆ ಬಂದ. ಅವನು ಬಂದ ಮೇಲೆ ಆ ನಾಲ್ಕೂ ಬಂದವು. ಕಾಳು ಹಾಕುವಾಗ ಅವುಗಳ ಕಣ್ಣನ್ನೇ ನೋಡಿದ. ಕಳ್ಳರ ಕಣ್ಣಿನಂತೆಯೇ ಕಂಡವು.

ಅಂದಿನಿಂದ ಅವನು ದಿನವೂ ಹೋದ. ನಾಲ್ಕು ಇದ್ದದ್ದು ಏಳಾಯಿತು, ಏಳು ಇದ್ದದ್ದು ಹನ್ನೊಂದಾಯಿತು. ನಡುವೆ ಒಂದು ಸಂಜೆ ಮಾತ್ರ ಹೋಗಲಾಗಲಿಲ್ಲ. ಅಂದು ಮಡಕೆ ಸುಡುವ ಆವಿಗೆಗೆ ಬೆಂಕಿ ಹಾಕಿದ್ದ, ಬಿಟ್ಟು ಕದಲುವಂತಿರಲಿಲ್ಲ. ಅಂದು ಹದಿನಾಲ್ಕೂ ಒಟ್ಟಿಗೆ ಹೊಸ ಸೂರಿಗೆ ಇಳಿದವು. ಕುಂಬಾರ ಬೂದಿ ಕೆದಕುತ್ತ ಬಹಳ ಯೋಚಿಸಿದ. ಆವಿಗೆಯ ಹೊಗೆ ಕೆರೆಯ ಆಚೆಗೂ ಕಾಣುತ್ತದೆ. ನಾನು ಮನೆಯಲ್ಲೇ ಇರುವೆನೆಂದು ತಿಳಿದು ಗಾಣಿಗ ಇಂದು ಕರೆಯಲಿಲ್ಲ ಎಂದುಕೊಂಡ. ಎದುರಾಳಿ ಎಂಥ ಜಾಣ ಎಂದು ಅವನಿಗೆ ಒಳಗೊಳಗೇ ಭಯವೂ ಆಯಿತು.

ಮರುಸಂಜೆ ಗೋಡೆಯ ಹಿಂದೆ ಕುಳಿತಿದ್ದಾಗ ಗಾಣಿಗ ನೇರ ಅಲ್ಲಿಗೇ ಬಂದ. ಎಣ್ಣೆಯ ಕೈಯನ್ನು ಹೆಗಲ ವಸ್ತ್ರಕ್ಕೆ ಒರೆಸಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇನ್ನೂ ನಾನು ಬಾಯಿಯನ್ನೇ ತೆರೆದಿಲ್ಲ, ಇವನು ಆಗಲೇ ಹೆಗಲು ಮುಟ್ಟಿದ ಎಂದು ಕುಂಬಾರ ಮನಸ್ಸಿನಲ್ಲಿ ಗುರುತು ಹಾಕಿಕೊಂಡ.

"ಭಾವ, ಮುಳ್ಳಿನ ಮೇಲೆ ಯಾಕೆ ಕುಳಿತಿರಿ? ಜಗಲಿಗೆ ಬನ್ನಿ" ಎಂದ ಗಾಣಿಗ. "ಒಂದು ಸೋಜಿಗ ಹೇಳುತ್ತೇನೆ. ನೀವು ಬಂದ ದಿನವೇ ಈ ಹಕ್ಕಿಗಳೂ ಬರುತ್ತವೆ. ನಿನ್ನೆ ನೀವು ಬರಲಿಲ್ಲ, ಒಂದೂ ಬರಲಿಲ್ಲ."

"ನಾನು ಬರುವುದೂ ಬಾರದಿರುವುದೂ ನಿನಗೆ ಹೇಗೆ ಗೊತ್ತು? ದಿನಾ ಕಾದು ಕುಳಿತಿರುತ್ತೀಯಾ?"

ಗಾಣಿಗ ನಕ್ಕುಬಿಟ್ಟ. ಕಾಯುವುದಕ್ಕೆ ತನಗೆ ಎತ್ತು ಬಿಡುವು ಕೊಡಬೇಕಲ್ಲ ಎಂದ. ಮತ್ತೇನನ್ನೋ ಹೇಳಲು ಕುಂಬಾರನ ಸೊಂಟದ ಕಡೆಗೆ ಕೈ ಚಾಚಿದ. ಕುಂಬಾರ ಥಟ್ಟನೆ ಎರಡೂ ಕೈಗಳಿಂದ ಕುಡಿಕೆಯನ್ನು ಮುಚ್ಚಿಕೊಂಡು ಎದ್ದ. ಬಾಯಿ ಬಿಟ್ಟು ಕೇಳದಿದ್ದರೂ ಕೊನೆಗೆ ಕುಡಿಕೆಗೇ ಕೈ ಹಾಕಿದನಲ್ಲ ಎಂದುಕೊಂಡ. ಗಾಣಿಗ ಕೂಗಿ ಕರೆಯುತ್ತಿದ್ದರೂ ತಿರುಗಿ ನೋಡದೆ ಏರಿಯನ್ನು ಹತ್ತಿದ.

ಅಂದು ಕೋಪದ ನಡಿಗೆ. ಕುಡಿಕೆ ಎಂದಿಗಿಂತ ಜೋರಾಗಿ ಅಲ್ಲಾಡಿತು. ಏರಿಯ ನಡುಮಧ್ಯೆ ಬಂದಾಗ ಗಾಣಿಗ ಹಿಂದೆ ಬರುತ್ತಿರಬಹುದೇ ಎಂಬ ಅನುಮಾನ ಹುಟ್ಟಿ ಅವನು ಗಕ್ಕನೆ ನಿಂತ. ಹಿಂದೆ ಯಾರೂ ಇರಲಿಲ್ಲ. ಮೇಲೆ ಹದಿನಾಲ್ಕು ಹಕ್ಕಿಗಳಿದ್ದವು. ಅವನು ನಿಂತ ಕಡೆ ಅವೂ ನಿಂತು, ಒಂದು ಸುತ್ತು ಹಾಕಿ, ಒಂದೊಂದಾಗಿ ಉರುಳಿ ಕೆಳಗಿಳಿದವು. ಅಲ್ಲಿ ಹಳೆಯ ಮನೆಯಿರಲಿಲ್ಲ, ಹೊಸ ಮನೆಯೂ ಇರಲಿಲ್ಲ. ಒಂದು ಕಡೆ ನೀರು, ಒಂದು ಕಡೆ ಬಯಲು, ನಡುವೆ ಬರಿಯ ಮಣ್ಣಿನ ಏರಿ. ನೀಲಿ ಹೆಣ್ಣು ಒಂಬತ್ತು ಲಾಗ ಹಾಕಿ ಅವನ ಪಾದದ ಬಳಿಯೇ ಕುಳಿತು, ಕತ್ತೆತ್ತಿ ಅವನ ಸೊಂಟವನ್ನು ನೋಡಿತು.

ಕುಂಬಾರ ಹಕ್ಕಿಯನ್ನು ನೋಡಲಿಲ್ಲ. ಇವುಗಳನ್ನು ಇಲ್ಲಿಗೆ ಕರೆದವರು ಯಾರೆಂದು ಪೊದೆಗಳ ಕಡೆಗೆ ನೋಡಿದ, ನೀರಿನ ಕಡೆಗೆ ನೋಡಿದ, ಗಾಣದ ಮನೆಯ ಕಡೆಗೆ ನೋಡಿದ.

ಅವನು ನೋಡದಿದ್ದದ್ದು ಆಕಾಶವನ್ನು ಮಾತ್ರ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಅವನ ಕುಲದವರದೇ. ಮೇಲಿನಿಂದ ಎರಗಿದ ಗಿಡುಗಕ್ಕೆ ಅಷ್ಟೂ ಬೇಕಾಗಲಿಲ್ಲ. ಸೂರಿಲ್ಲದ ನೆಲದ ಮೇಲೆ ಕುಳಿತಿದ್ದ ನೀಲಿ ಹೆಣ್ಣನ್ನು ಎತ್ತಿಕೊಂಡು ಅದು ಬಯಲಿನ ಕಡೆಗೆ ಹೋಯಿತು. ಉಳಿದ ಹದಿಮೂರು ಚದುರಿ ಎದ್ದವು. ಕತ್ತಲಾಗುವ ಹೊತ್ತಿಗೆ ಒಂಬತ್ತು ಮನೆ ಸೇರಿದವು.

ಕುಂಬಾರ ಆ ಒಂಬತ್ತರ ರೆಕ್ಕೆ ಕತ್ತರಿಸಿ ಜಾಲರಿಯೊಳಗೆ ಕೂಡಿಹಾಕಿದ. ಅವು ಬದುಕಿದವು, ಕಾಳು ತಿಂದವು, ಲಾಗ ಹಾಕಲಿಲ್ಲ. ಅಜ್ಜನ ತಳಿ ಹೀಗೆ ಗೂಡಿನೊಳಗೆ ಕುಳಿತುಬಿಟ್ಟಿತು. ನೀಲಿ ಹೆಣ್ಣಿಗಾಗಿ ಅವನು ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಹೆಂಡತಿಯನ್ನು ಹತ್ತಿರ ಕರೆದು, ಗಾಣಿಗ ಗಿಡುಗವನ್ನೂ ಸಾಕಿದ್ದಾನೆ ಎಂದು ಗುಟ್ಟಾಗಿ ಹೇಳಿದ. ಹೇಳುವಾಗಲೂ ಕುಡಿಕೆ ಅವನ ಸೊಂಟದಲ್ಲೇ ಇತ್ತು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಅಡವಯ್ಯನಿಗೆ ಹಕ್ಕಿಯ ಮೇಲೆ ಮರುಕ ಹುಟ್ಟಿತ್ತು, ಕುಂಬಾರನನ್ನು ನೆನೆದು ನಗೆ ಬಂದಿತ್ತು.

"ತನ್ನ ಮೈಮೇಲಿನ ಸದ್ದು ಅವನಿಗೆ ಕೇಳಿಸಲಿಲ್ಲವೇ, ಗುರುಗಳೇ?"

ಅಷ್ಟರಲ್ಲಿ ಹಳೆಯ ಮಠದ ಪ್ರಸಾದದ ಗಂಟೆ ಮೊಳಗಿತು. ಹೊಸ ಮಠದ ಇಬ್ಬರು ಸಾಧಕರು, ಕಾಲಿನ ತುಂಬ ಗುಡ್ಡದ ಕೆಂಪು ಧೂಳು ಮೆತ್ತಿಕೊಂಡು, ಹಸಿದ ಮುಖದಲ್ಲಿ ಬಾಗಿಲು ದಾಟಿ ಪಂಕ್ತಿಯ ಕಡೆಗೆ ಹೋದರು. ಅಡವಯ್ಯ ಅವರನ್ನು ಕಂಡು, ನೋಡಿದಿರಾ ಎಂಬಂತೆ ಗುರುಗಳ ಕಡೆಗೆ ತಿರುಗಿದ. ಗುರುಗಳು ಅವರನ್ನು ನೋಡುತ್ತಿರಲಿಲ್ಲ.

"ನಿನ್ನ ಮಠದ ಗಂಟೆ ಈಗ ಎಲ್ಲಿದೆ, ಅಡವಯ್ಯ?"

ಅಡವಯ್ಯನ ಕೈ ತಾನಾಗಿ ಹೆಗಲ ಜೋಳಿಗೆಗೆ ಹೋಯಿತು.