ಸಲಹೆ ಕೇಳಲು ಹೋದ ಬಸವನಹುಳು

ಬಸವನಹುಳು ತನ್ನ ಚಿಪ್ಪನ್ನು ಅಡವಿಟ್ಟು ಏಡಿಯಿಂದ ಸಾಲ ಪಡೆದಿತ್ತು. ಕಂತು ತಪ್ಪಿದ್ದೇ ತಡ, ಏಡಿ ಬಂದು ಚಿಪ್ಪಿನ ಮೇಲೆ ಜಪ್ತಿ ನೋಟಿಸು ಅಂಟಿಸಿ ಹೋಯಿತು. ಮನೆ ಹೊತ್ತುಕೊಂಡು ಹೋದರೆ ತಡವಾದೀತೆಂದು ಹುಳು ಅದನ್ನು ಅಲ್ಲೇ ಕಳಚಿಟ್ಟು, ಬರಿಮೈಯಲ್ಲೇ ಕಪ್ಪೆ ವಕೀಲರ ಬಳಿಗೆ ತೆವಳಿತು.

“ಸ್ವಾಮಿ, ಏಡಿ ನನ್ನನ್ನು ಹೊರಗೆ ಹಾಕಬಹುದೇ?”

“ಒಳಗಿರುವವರನ್ನು ಕೋರ್ಟು ಹೇಳದೆ ಯಾರೂ ಎಬ್ಬಿಸುವಂತಿಲ್ಲ,” ಎಂದರು ವಕೀಲರು. “ನೀವು ಮಾತ್ರ ಹೊಸ್ತಿಲು ದಾಟಬೇಡಿ.”

ಹುಳುವಿಗೆ ಹೋದ ಜೀವ ಬಂದಂತಾಯಿತು. ಫೀಸು ಕೊಟ್ಟು ಹಿಂತಿರುಗಿದರೆ, ಚಿಪ್ಪಿನೊಳಗೆ ಏಡಿ ಆರಾಮಾಗಿ ಕೂತಿತ್ತು.

“ಏಳಯ್ಯಾ, ಇದು ನನ್ನ ಮನೆ!”

“ಕೂಗಾಡಬೇಡಿ,” ಎಂದಿತು ಏಡಿ. “ನನಗೂ ಅದೇ ಕಪ್ಪೆ ವಕೀಲರು. ಕೋರ್ಟು ಹೇಳಲಿ, ಏಳುತ್ತೇನೆ.”