ಕವಳೆ ಗಿಡಕ್ಕೆ ಬಂದ ಕೊಂಬು

"ಇದರ ಹಣ್ಣಿನ ಕಪ್ಪಿನಲ್ಲೇ ಮುಪ್ಪು ತಡೆಯುವ ಸತ್ವವಿದೆ" ಎಂದು ಪೇಟೆಯ ಪಂಡಿತರು ಗುಡ್ಡದ ಕವಳೆ ಗಿಡಕ್ಕೆ ತಗಡಿನ ಚೀಟಿ ಕಟ್ಟಿ ಹೋದರು. ಅಂದಿನಿಂದ ಗಿಡಕ್ಕೆ ಕೊಂಬು ಬಂತು. ದಿನವೂ ಬರುತ್ತಿದ್ದ ಪಿಕಳಾರ ಹಕ್ಕಿ ಹಣ್ಣಿಗೆ ಕೊಕ್ಕು ಹಾಕಿದ್ದೇ ತಡ, ಗಿಡ ಮುಳ್ಳು ತೋರಿಸಿತು.

"ಸತ್ವದ ಹೆಸರೇ ತಿಳಿಯದ ನಿನಗೇಕೆ ನನ್ನ ಹಣ್ಣು?"

"ರುಚಿ ತಿಳಿದಿದೆ, ಅಕ್ಕಾ. ತಿಂದು ನಿನ್ನ ಬೀಜವನ್ನು ಗುಡ್ಡದ ತುಂಬ ಉದುರಿಸುತ್ತೇನಲ್ಲ."

"ಹಿಕ್ಕೆ ಹಾಕುವವರ ಹಂಗು ನನಗಿಲ್ಲ!"

ಪಂಡಿತರು ಮತ್ತೆ ಬಂದು ಒಂದು ಹಣ್ಣನ್ನೂ ಬಿಡದೆ ಕಿತ್ತರು. ಒಣಗಿಸಿ, ಬೀಜಸಮೇತ ಪುಡಿ ಮಾಡಿ ಸೀಸೆಗೆ ತುಂಬಿದರು. ಮರುವರ್ಷದ ಮಳೆಗೆ ಗುಡ್ಡವೆಲ್ಲ ಚಿಗುರಿತು; ಹೊಸ ಕವಳೆ ಸಸಿ ಮಾತ್ರ ಒಂದೂ ಏಳಲಿಲ್ಲ. ಗಿಡ ಹಕ್ಕಿಯನ್ನು ಮೆಲ್ಲಗೆ ಕೇಳಿತು: "ನನ್ನ ಮಕ್ಕಳನ್ನು ಎಲ್ಲಾದರೂ ಕಂಡೆಯಾ?"

"ಪೇಟೆಯಲ್ಲಿ ಕಂಡೆ, ಅಕ್ಕಾ. ಎಲ್ಲರೂ ಸೀಸೆಯೊಳಗಿದ್ದಾರೆ. ಒಬ್ಬರಿಗೂ ಮುಪ್ಪು ಬರುವುದಿಲ್ಲ."