ಖಾಲಿ ಉಳಿದ ವರ್ಷ

ದೇಶದ ಸುಂದರಿ ಸ್ಪರ್ಧೆ ನಡೆಸುವ ಸಂಸ್ಥೆಯ ಗೋಡೆ ತುಂಬ ಗೆದ್ದವರ ಪಟಗಳು, ಒಂದೊಂದರ ಕೆಳಗೂ ಗೆದ್ದ ವರ್ಷ. ಅಧ್ಯಕ್ಷರ ಹೆಂಡತಿ ವಿಲಾಸಿನಿ ಮೇಡಂ ತಮ್ಮ ಪಟವನ್ನೂ ತಂದು ಕಸ ಗುಡಿಸುವ ನೀಲವ್ವನ ಕೈಗಿಟ್ಟರು.

"ಇವರ ನಡುವೆ ನೇತುಹಾಕು. ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ."

ಗೆಲ್ಲದವರನ್ನು ಗೆದ್ದವರ ಸಾಲಿಗೆ ಸೇರಿಸಲು ನೀಲವ್ವನಿಗೆ ಮನಸ್ಸಿಲ್ಲ. ಕೆಲಸ ಕಳೆದುಕೊಳ್ಳುವಂತೆಯೂ ಇಲ್ಲ.

"ಹಾಕ್ತೀನಿ ಅಮ್ಮಾವ್ರೇ. ಸ್ಪರ್ಧೆ ನಡೆಯದೆ ಖಾಲಿ ಉಳಿದಿರೋದು ೧೯೭೧ ಒಂದೇ. ಅದನ್ನೇ ಬರೆಸಲಾ?"

"ಬರೆಸು!"

"ಹದಿನೆಂಟು ತುಂಬದ ಹುಡುಗೀರನ್ನ ಆಗಲೂ ಸೇರಿಸ್ತಿರಲಿಲ್ಲ. ನೋಡಿದೋರು ನಿಮಗೆ ಎಪ್ಪತ್ತು ದಾಟಿದೆ ಅಂದ್ಕೋತಾರೆ, ಪರವಾಗಿಲ್ವಾ?"

ಮೊನ್ನೆಯಷ್ಟೇ ಐವತ್ತನೇ ಹುಟ್ಟುಹಬ್ಬದ ಕೇಕ್ ಕತ್ತರಿಸಿದ್ದ ಮೇಡಂ ಪಟವನ್ನು ಕಿತ್ತುಕೊಂಡು ಸೆರಗಿನಲ್ಲಿ ಮುಚ್ಚಿದರು.

"ಗೋಡೆ ತುಂಬ ಧೂಳು ಕಣೇ! ನಾಳೆ ಬೇಗ ಬಂದು ಒರೆಸು."